ಅಜ್ಜಿಯ ಕುರ್ಚಿ ಹೊರಗೆ ಬಂತಾ?

ಜೂನ್ 4, ಗುರುವಾರ

ತೋಳೆರಡೂ ಕಿತ್ತು ಬರುವಷ್ಟು ನೋವು. ಆದರೂ ಬರೆಯದಿದ್ದರೆ ಎದೆ ಹಗುರಾಗುವುದಿಲ್ಲ.

ಬೆಳಿಗ್ಗೆ ಭೂಮಿ ನಡುಗಿತು. ನನ್ನ ಹೊಲಿಗೆ ಮಿಷನ್ನು ತಾನಾಗಿಯೇ ಸರಿದು ಗೋಡೆಗೆ ಒರಗಿತು. ಸ್ವಲ್ಪ ಹೊತ್ತಿಗೆ ಬಂದರಿನ ಕಂಬದ ಸೈರನ್ ಕೂಗತೊಡಗಿತು. ಸುನಾಮಿ ಬರುವ ಸಂಭವವಿದೆ, ಎಲ್ಲರೂ ಗುಡ್ಡದ ಮೇಲಿನ ಶಾಲೆಗೆ ಹೋಗಬೇಕು ಎಂದು ಮೈಕಿನಲ್ಲಿ ಒಂದು ಹೆಣ್ಣುಧ್ವನಿ, ರೈಲು ತಡವಾಗಿದೆ ಎಂದು ಹೇಳುವಷ್ಟು ತಣ್ಣಗೆ. ಇವರು ಬಂದರಿನಲ್ಲಿ ಲಾರಿ ತೂಕ ಹಾಕುವ ಡ್ಯೂಟಿಯಲ್ಲಿದ್ದರು. ಅಲ್ಲಿಯವರನ್ನು ಬಂದರಿನದೇ ಬಸ್ಸು ಗುಡ್ಡಕ್ಕೆ ಹತ್ತಿಸಿಕೊಂಡು ಹೋಗುತ್ತದೆ. ಮನೆಯಲ್ಲಿ ಇದ್ದದ್ದು ನಾನು ಮತ್ತು ಅತ್ತೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರಿಗೆ ನಡಿಗೆ ಇಲ್ಲ. ಬೀದಿ ಕಡೆಯ ಕಿಟಕಿ, ಅದರ ಪಕ್ಕದ ಕೈಕುರ್ಚಿ, ಅಷ್ಟೇ ಅವರ ಲೋಕ.

"ಅತ್ತೆ, ನಿಮ್ಮನ್ನ ಬಿಟ್ಟು ನಾನು ಎಲ್ಲಿಗೂ ಹೋಗಲ್ಲ" ಎಂದು ಅವರ ಕೈ ಹಿಡಿದು ಗೊಳೋ ಎಂದೆ.

"ಅಳೋದು ಆಮೇಲೆ. ಮೊದಲು ಕುರ್ಚಿ ಎತ್ತು" ಎಂದರು.

ಅಷ್ಟರಲ್ಲಿ ಎದುರುಮನೆಯ ಬೇಕರಿಯಣ್ಣ, ಕೈಯಲ್ಲಿ ಮೆತ್ತಿದ ಹಿಟ್ಟಿನ ಸಮೇತ ಓಡಿ ಬಂದ. ಕುರ್ಚಿಯ ಮುಂದೆ ಅವನು, ಹಿಂದೆ ನಾನು. ಅತ್ತೆಯ ತೂಕ ಏನು ಕಡಿಮೆಯೇ! ಗುಡ್ಡ ಹತ್ತುವಷ್ಟರಲ್ಲಿ ನನ್ನ ಕಣ್ಣಿಗೆ ಕತ್ತಲೆ ಬಂತು. ಸಂಜೆಯವರೆಗೆ ಶಾಲೆಯ ಅಂಗಳದಲ್ಲಿ ಕಾದೆವು. ಸಮುದ್ರ ಬಂದರಿನ ಒಂದು ಮೆಟ್ಟಿಲು ಏರಿ ಇಳಿಯಿತಂತೆ, ಅಷ್ಟೇ. ಇರಲಿ. ಅತ್ತೆಗೆ ಏನೂ ಆಗಲಿಲ್ಲ, ಅದು ಮುಖ್ಯ.

ಜೂನ್ 6

ಬೇಕರಿಯಣ್ಣ ಎಂಥ ಒಳ್ಳೆಯವನು. ಒಲೆಯಿಂದ ಬ್ರೆಡ್ಡು ತೆಗೆಯುವ ಉದ್ದ ಹಿಡಿಯ ಮರದ ಸಲಿಕೆ ಇರುತ್ತದಲ್ಲ, ಅಂಥ ಎರಡು ಹಳೆಯ ಹಿಡಿಗಳನ್ನು ಕುರ್ಚಿಯ ಎರಡೂ ಕಡೆ ಕಟ್ಟಿಕೊಟ್ಟ. ಇನ್ನು ಪಲ್ಲಕ್ಕಿಯ ಹಾಗೆ ಹೊರಬಹುದು. "ಅಜ್ಜಿ, ನಿಮ್ಮ ಸವಾರಿಗೆ ಗಾಡಿ ರೆಡಿ" ಎಂದ. ಅತ್ತೆ ನಗಲಿಲ್ಲ. "ಹಗ್ಗ ಸಡಿಲ ಇದೆ, ಇನ್ನೊಂದು ಸುತ್ತು ಹಾಕೋ" ಎಂದರು. ಜೀವಮಾನವಿಡೀ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಊರನ್ನೇ ಗದರಿಸಿದವರು. ಈಗಲೂ ಈ ಬೀದಿಯಲ್ಲಿ ಅವರ ಮಾತಿಗೆ ಎದುರಾಡುವವರಿಲ್ಲ.

ಅವನ ಮಗಳು, ಗುಂಡು ಗುಂಡಾಗಿರುವುದಕ್ಕೆ ಎಲ್ಲರೂ ಬನ್ನು ಎಂದೇ ಕರೆಯುವುದು, ನನ್ನ ಮಿಷನ್ನಿನ ಕೆಳಗೆ ಕೂತು ಬಟ್ಟೆಯ ಚೂರು ಆರಿಸಿಕೊಳ್ಳುತ್ತಾಳೆ. ಅವಳ ಗೊಂಬೆಗೆ ಕೆಂಪು ಲಂಗ ಬೇಕಂತೆ. ನನ್ನ ಹತ್ತಿರ ಕೆಂಪು ದಾರ ಮುಗಿದಿದೆ. ತಂದಮೇಲೆ ಹೊಲಿದು ಕೊಡುತ್ತೇನೆಂದು ಹೇಳಿದ್ದೇನೆ.

ಜೂನ್ 13, ಶನಿವಾರ

ಮತ್ತೆ ಸೈರನ್. ಮತ್ತೆ ಗುಡ್ಡ. ಈ ಸಲ ಒಂದು ವಿಷಯ ನೋಡಿದೆ. ಸೈರನ್ ಕೂಗಿದಾಗ ಬೀದಿಯವರು ಬಾಗಿಲಿಗೆ ಬಂದು ನಿಂತರೇ ಹೊರತು ಯಾರೂ ಹೊರಡಲಿಲ್ಲ. ಇವನ ಮುಖ ಅವನು, ಅವನ ಮುಖ ಇವನು ನೋಡುತ್ತಾ ನಿಂತರು. ನಾವು ಕುರ್ಚಿ ಹೊತ್ತು ಹೊರಗೆ ಬಂದದ್ದೇ ತಡ, ಇಡೀ ಬೀದಿ ದಡಬಡ ಬಾಗಿಲು ಹಾಕಿ ನಮ್ಮ ಹಿಂದೆ ಬಂತು. "ಅಜ್ಜೀನೇ ಹೊರಟ್ರು ಅಂದ್ಮೇಲೆ ಇದು ನಿಜಾನೇ" ಎಂದು ಇಸ್ತ್ರಿಯವನು ಹೇಳಿದ್ದು ಕಿವಿಗೆ ಬಿತ್ತು.

ಸುಳ್ಳು ಯಾಕೆ, ಹೆಮ್ಮೆಯಾಯಿತು. ಹಿಂದಿನ ಹಿಡಿ ಹಿಡಿದವಳು ನಾನೇ ಅಲ್ಲವೇ.

ಅಲೆ ಬರಲಿಲ್ಲ.

ಜೂನ್ 21

ಇವತ್ತಿನದು ಬರೆಯಲು ಮನಸ್ಸಿಲ್ಲ. ಆದರೂ ಮೈ ಉರಿಯುತ್ತಿದೆ, ಬರೆಯುತ್ತೇನೆ.

ಮೂರನೆಯ ಸೈರನ್. ಕುರ್ಚಿ ಹೊತ್ತೆವು. ಹಿಂದೆ ಬೀದಿ ಬಂತು. ಶಾಲೆಯಲ್ಲಿ ಬಿಸಿಲಿನಲ್ಲಿ ಕೂತೆವು. ಅತ್ತೆಗೆ ಅವಸರವಾಯಿತು. ಶಾಲೆಯ ಕಕ್ಕಸಿಗೆ ಮೆಟ್ಟಿಲು, ಕುರ್ಚಿ ಹೋಗದು. ಮೂಲೆಯಲ್ಲಿ ಬೇಸಿನ್ ಇಟ್ಟು ನಾನೇ ಬೆಡ್‌ಶೀಟು ಅಡ್ಡ ಹಿಡಿದೆ. ಅವರೋ ಸುಮ್ಮನಿರಬೇಕಲ್ಲ? "ಸರಿಯಾಗಿ ಹಿಡಿಯೇ, ಎಮ್ಮೆ ಹಾಗೆ ನಿಂತಿದೀಯ. ನನ್ನನ್ನ ಹೆಣ ಹೊತ್ತ ಹಾಗೆ ಹೊತ್ಕೊಂಡು ಬಂದು ಊರ ಮುಂದೆ ಮಾನ ಕಳೀತೀಯ" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ಬೆಡ್‌ಶೀಟು ಕೈಯಿಂದ ಜಾರಿತು. ಬೀದಿಯ ಗಂಡಸರೆಲ್ಲ ಮುಖ ತಿರುಗಿಸಿಕೊಂಡರು, ಒಬ್ಬಿಬ್ಬರು ತಿರುಗಿಸಿಕೊಳ್ಳಲಿಲ್ಲ.

ಬೇಕೆಂದೇ ಬಿಟ್ಟಳು ಎನ್ನುತ್ತಾರೆ ಅತ್ತೆ. ಕುರ್ಚಿ ಹೊತ್ತ ಕೈ. ಸೋಲಬಾರದೇ?

ಇಳಿಯುವಾಗ ಬೀದಿಯವರದು ಬೇರೆ ಗೊಣಗಾಟ. ಇಸ್ತ್ರಿಯವನಿಗೆ ಗಿರಾಕಿ ತಪ್ಪಿದರಂತೆ. ಬೇಕರಿಯಣ್ಣನ ಹೆಂಡತಿ ಮೆತ್ತಗೇ ಹೇಳಿದಳು: "ಅಕ್ಕ, ಮುಂದಿನ ಸಲ ಸ್ವಲ್ಪ ನೋಡ್ಕೊಂಡು ಹೊರಡೋಣ. ಕಲಸಿಟ್ಟ ಹಿಟ್ಟೆಲ್ಲ ಹುಳಿ ಬಂದುಹೋಯ್ತು." ನಾನೇನು ಸೈರನ್ ಊದಿದೆನೇ? ಇವರನ್ನು ನನ್ನ ಹಿಂದೆ ಬನ್ನಿ ಎಂದು ಕರೆದೆನೇ?

ಜೂನ್ 22

ಭುಜ ಊದಿದೆ. ಮಾತಿಲ್ಲ ಕತೆಯಿಲ್ಲ. ಅತ್ತೆಗೂ ನನಗೂ.

ಜೂನ್ 30

ನಾಲ್ಕನೆಯದು. ಹೋಗಲಿಲ್ಲ.

ಸೈರನ್ ಶುರುವಾದಾಗ ನಾನು ಕಾಲರ್ ಹೊಲಿಯುತ್ತಿದ್ದೆ. ಹೊಲಿಯುತ್ತಲೇ ಇದ್ದೆ. ಬೀದಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಕೇಳುವುದು ಕಿಟಕಿಯಿಂದ ಕೇಳುತ್ತಿತ್ತು: "ಅಜ್ಜಿಯ ಕುರ್ಚಿ ಹೊರಗೆ ಬಂತಾ?" "ಇಲ್ಲ ಕಣೋ, ಕಿಟಕೀಲೇ ಕೂತಿದಾರೆ." "ಹಾಗಾದ್ರೆ ಬಿಡು." ಸರ್ಕಾರದ ಸೈರನ್ನಿಗಿಲ್ಲದ ಬೆಲೆ ನಮ್ಮ ಕುರ್ಚಿಗೆ! ನಗು ಬಂತು.

ನಗು ಬಾರದಿದ್ದದ್ದು ಅತ್ತೆಗೆ. ನನ್ನ ಸೆರಗು ಹಿಡಿದರು.

"ಬೇಕರಿಯವನನ್ನ ಕರಿಯೇ. ನನ್ನನ್ನ ಎತ್ತಿಸು."

"ಯಾಕತ್ತೆ? ಹೆಣ ಹೊತ್ತ ಹಾಗೆ ಹೊರಬೇಡಿ ಅಂದಿದ್ರಲ್ಲ?"

"ಈಗ ಹೇಳ್ತಿದೀನಲ್ಲ, ಕರಿ."

"ಈ ಕಾಲರ್ ಮುಗಿಸ್ತೀನಿ ಇರಿ."

ಅವರು ಸೆರಗು ಬಿಡಲಿಲ್ಲ. ಮದುವೆಯಾಗಿ ಬಂದ ಮೇಲೆ ಅವರು ನನ್ನ ಸೆರಗು ಹಿಡಿದದ್ದು ಇದೇ ಮೊದಲು. ಕಾಲರ್ ಮುಗಿಸಿದೆ, ಇನ್ನೊಂದು ಶುರು ಮಾಡಿದೆ, ಅದನ್ನೂ ಮುಗಿಸಿದೆ. ಅಷ್ಟರಲ್ಲಿ ಮೈಕಿನ ಹೆಂಗಸು ಅಪಾಯವಿಲ್ಲ ಎಂದಳು. ನಾನು ಹೇಳಿರಲಿಲ್ಲವೇ? ಸಂಜೆ ಬೇಕರಿಯಣ್ಣ ಬಿಸಿ ಬಿಸಿ ಬ್ರೆಡ್ಡು ತಂದುಕೊಟ್ಟ. "ಅಕ್ಕ, ನೀವು ಹೊರಡದೇ ಇದ್ದದ್ದು ಒಳ್ಳೇದಾಯ್ತು, ಇವತ್ತು ಒಂದು ಸುತ್ತಿನ ಬ್ರೆಡ್ಡೂ ಹಾಳಾಗಲಿಲ್ಲ" ಎಂದ.

ಹೊಲಿಗೆ ಈ ದಿನ ಬಹಳ ನೇರವಾಗಿ ಬಂತು.

ಜುಲೈ 7, ಮಂಗಳವಾರ

ಎಷ್ಟು ದಿನವಾಗಿತ್ತು ಹೀಗೆ ಒಬ್ಬಳೇ ಕೂತು!

ಸೈರನ್ ಕೂಗಿದಾಗ ಅನ್ನಿಸಿತು, ಬೀದಿಯವರೆಲ್ಲ ಹೇಗೂ ಹೋಗುವುದಿಲ್ಲ, ಅತ್ತೆಯೂ ಹೋಗುವ ಹಾಗಿಲ್ಲ. ಗುಡ್ಡದ ಮೇಲೆ ಗಾಳಿ ಇರುತ್ತದೆ, ಯಾರೂ "ಏನೇ" ಎಂದು ಕೂಗುವುದಿಲ್ಲ. ನಾನೊಬ್ಬಳು ಯಾಕೆ ಹೋಗಬಾರದು? ಅಲೆಗೆ ಹೆದರಿ ಅಲ್ಲ. ಅಲೆ ಎಲ್ಲಿಂದ ಬರಬೇಕು.

ಆದರೆ ಅತ್ತೆಯನ್ನು ಬಿಟ್ಟು ಹೊರಟದ್ದು ಕಂಡರೆ ಬೀದಿ ಸುಮ್ಮನಿರುತ್ತದೆಯೇ? ಉಪ್ಪು ಖಾರ ಹಚ್ಚಿ ಇವರ ಕಿವಿಗೆ ಹಾಕುತ್ತಾರೆ. ಅದಕ್ಕೇ ಅತ್ತೆಯ ತಲೆ ಬಾಚಿ, ಬಿಳಿ ಶಾಲು ಹೊದಿಸಿ, ಕುರ್ಚಿಯನ್ನು ಕಿಟಕಿಗೆ ಇನ್ನೂ ಹತ್ತಿರ ಸರಿಸಿದೆ. ದೂರದಿಂದಲೂ ಚೆನ್ನಾಗಿ ಕಾಣುತ್ತಾರೆ. ಕಿಟಕಿಯ ಗಾಜು ಮುಚ್ಚಿ ಟಿವಿ ಜೋರಾಗಿ ಹಚ್ಚಿದೆ.

"ಎಲ್ಲಿಗೆ ಹೊರಟೆ?"

"ದಾರ ತರೋಕೆ ಅತ್ತೆ."

"ಸೈರನ್ ಕೂಗ್ತಾ ಇರುವಾಗ ಯಾವ ಅಂಗಡಿಯವನು ದಾರ ಮಾರ್ತಾನೆ?"

ಮುಂಬಾಗಿಲ ಚಿಲಕ ಒಳಗಿನಿಂದ ಹಾಕಿ, ಹಿತ್ತಲ ಬಾಗಿಲಿನಿಂದ ಹಿಂದಿನ ಓಣಿಗೆ ಇಳಿದು ಗುಡ್ಡ ಹತ್ತಿದೆ. ಶಾಲೆಯ ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ ಕೂತೆ. ಕಾಲು ಚಾಚಿದೆ. ಒಂದು ಹಾಡು ಗುನುಗಿಕೊಂಡೆ ಕೂಡ. ಎಲ್ಲ ಮುಗಿದ ಮೇಲೆ ಅದೇ ಓಣಿಯಲ್ಲಿ ವಾಪಸ್ಸು. ಬೀದಿಗೆ ಸುಳಿವೂ ಸಿಗಲಿಲ್ಲ.

ಜುಲೈ 8

ಊಟಕ್ಕೆ ಕೂತಾಗ ಅತ್ತೆ ಮಗನ ಹತ್ತಿರ ದೂರು ಹೇಳಿದರು. "ನಿನ್ನ ಹೆಂಡತಿ ನನ್ನನ್ನ ಕಿಟಕೀಲಿ ಕೂರಿಸಿ ಓಡಿಹೋಗಿದ್ಲು ಕಣೋ."

ಇವರು ನನ್ನ ಮುಖ ನೋಡಿದರು. "ನಿಜಾನಾ?"

"ದಾರ ತರೋಕೆ ಹೋಗಿದ್ದೆ ರೀ. ವಯಸ್ಸಾಯ್ತು ಅವರಿಗೆ, ಏನೇನೋ ಅನ್ನಿಸುತ್ತೆ."

"ಅಮ್ಮ, ಸುಮ್ನೆ ಊಟ ಮಾಡು" ಎಂದರು ಇವರು. ಅತ್ತೆ ತಟ್ಟೆ ನೋಡುತ್ತಾ ಕೂತರು. ನನಗೇ ಪಾಪ ಎನಿಸಿ ಇನ್ನೊಂದು ಸೌಟು ಬಡಿಸಿದೆ.

ಜುಲೈ 16, ಗುರುವಾರ

ಶಾಲೆಯ ಜಗುಲಿ. ಡೈರಿ ಚೀಲದಲ್ಲೇ ಇತ್ತು. ಮರದ ಕೆಳಗೆ ಕೂತು ಬರೆಯೋಣವೆಂದು ತಂದಿದ್ದೆ.

ಹೋಯಿತು. ಬೀದಿ ಹೋಯಿತು.

ಸೈರನ್ ಎಂದಿನ ಹಾಗೇ ಕೂಗಿತು. ಮೈಕಿನ ಹೆಂಗಸೂ ಎಂದಿನ ಹಾಗೇ. ಶಾಲು ಹೊದಿಸಿದೆ, ಟಿವಿ ಹಚ್ಚಿದೆ, ಹಿತ್ತಲ ಬಾಗಿಲು ತೆಗೆದೆ. ಓಣಿಯಲ್ಲಿ ಬನ್ನು ನಿಂತಿದ್ದಳು, ಗೊಂಬೆ ಹಿಡಿದು. ಪಕ್ಕದ ಹಿತ್ತಲಿನ ಬೆಕ್ಕಿನ ಮರಿ ನೋಡಲು ಬಂದಿದ್ದಳಂತೆ.

"ಆಂಟಿ, ಎಲ್ಲಿಗೆ?"

"ನಿನ್ನ ಗೊಂಬೆಗೆ ಕೆಂಪು ದಾರ ತರೋಕೆ."

"ನಾನೂ ಬರ್ಲಾ?"

ಅವಳು ಮನೆಗೆ ಓಡಿ ಅಮ್ಮನಿಗೆ ಹೇಳಿದರೆ? ಬೀದಿಯೆಲ್ಲ ಟಾಂಟಾಂ. "ಬೇಡ ಚಿನ್ನ. ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತಿರು. ನಾನು ಬರೋವರೆಗೂ ಏಳಬಾರದು, ಯಾರಿಗೂ ಹೇಳಬಾರದು, ಆಯ್ತಾ?" ಆಯ್ತು ಎಂದು ತಲೆಯಾಡಿಸಿದಳು. ಕೂತಳು. ಹೇಳಿದ ಮಾತು ಕೇಳುವ ಮಗು.

ಅಲೆ ಗೋಡೆಯ ಹಾಗೆ ಎದ್ದು ಬರುತ್ತದೆ ಎಂದುಕೊಂಡಿದ್ದೆ. ಇಲ್ಲಿಂದ ನೋಡಿದರೆ ಒಲೆಯ ಮೇಲೆ ಹಾಲು ಉಕ್ಕಿದ ಹಾಗೆ ಬಂತು, ನಿಲ್ಲಲೇ ಇಲ್ಲ. ಬಂದರು, ದೋಣಿ, ಲಾರಿಗಳು, ಆಮೇಲೆ ನಮ್ಮ ಛಾವಣಿ. ಬೇರೆ ಬೀದಿಗಳವರು ಕೆಲವರು ಗುಡ್ಡ ಹತ್ತಿ ಬಂದಿದ್ದರು. ನಮ್ಮ ಬೀದಿಯವರು ಒಬ್ಬರೂ ಇರಲಿಲ್ಲ. ಇವರ ಬಸ್ಸು ಬಂದಿತ್ತು. ಇವರು ಓಡಿ ಬಂದು ನನ್ನನ್ನು ಅಲ್ಲಾಡಿಸಿ ಕೇಳಿದರು: "ಅಮ್ಮ ಎಲ್ಲಿ? ಅಮ್ಮ ಎಲ್ಲಿ?"

"ಕುರ್ಚಿ ಹೊರೋಕೆ ಜನ ಕರ್ಕೊಂಡು ಬರೋಣ ಅಂತ ಬಂದೆ" ಎಂದೆ. ಬಾಯಿಗೆ ತಾನಾಗಿಯೇ ಬಂತು. ಅವರು ನೆಲಕ್ಕೆ ಕುಸಿದು ಕೂತು ತಲೆ ಚಚ್ಚಿಕೊಂಡರು. ನಾನು ಅವರ ಬೆನ್ನು ಸವರಿದೆ.

ಜುಲೈ 18

ಅತ್ತೆ ಬದುಕಿದ್ದಾರೆ.

ನಮ್ಮ ಬೀದಿ ಮೂಲೆಯ ಮೂರಂತಸ್ತಿನ ಲಾಡ್ಜಿನ ತಾರಸಿಯ ಮೇಲೆ ಸಿಕ್ಕಿದರಂತೆ, ಬಿಳಿ ಶಾಲು ಹೊದ್ದುಕೊಂಡೇ. ಜೊತೆಗೆ ಬೇಕರಿಯಣ್ಣ. ಅವನ ಹೆಂಡತಿ ಇಲ್ಲ. ಬನ್ನು ಇಲ್ಲ.

ಇವರು "ಇವಳು ಜನ ಕರೆಯೋಕೆ ಓಡಿ ಬಂದಿದ್ಲಮ್ಮ" ಎಂದು ತಾಯಿಯ ಕಾಲು ಹಿಡಿದು ಅತ್ತರು. ಅತ್ತೆ ಮಗನ ತಲೆಯ ಮೇಲಿಂದ ನನ್ನನ್ನು ನೋಡಿದರು. ಈಗ ಬಾಯಿ ಬಿಡುತ್ತಾರೆ ಎಂದುಕೊಂಡೆ. ಅವರು ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದರು:

"ನನ್ನ ಸೊಸೆ ಜನ ಕರೆಯೋಕೆ ಓಡಿದ್ಲು ಪಾಪ. ಚಿನ್ನದಂಥ ಹುಡುಗಿ."

ಜುಲೈ 20

ಬೇಕರಿಯಣ್ಣ ನನ್ನನ್ನು ಹುಡುಕಿಕೊಂಡು ಬಂದ. ಅವನ ಅಂಗಿಯ ಗುಂಡಿ ಕಿತ್ತಿತ್ತು. ಹೊಲಿದುಕೊಡಲೇ ಎಂದರೆ ಬೇಡ ಎಂದ. ಹೇಳುತ್ತಾ ಹೋದ, ಯಾರೂ ಕೇಳದೆಯೇ.

"ಅಜ್ಜಿ ಕಿಟಕೀಲಿ ಆರಾಮಾಗಿ ಕೂತಿದ್ರು ಅಕ್ಕ. ಅದಕ್ಕೇ ಯಾರೂ ಹೊರಡಲಿಲ್ಲ. ನನ್ನ ಹೆಂಡತಿ ಎರಡು ಸಲ ಬಂದು ನೋಡಿದ್ಲು. ಬಿಳಿ ಶಾಲು ಕಾಣ್ತಿದೆ ರೀ, ಒಲೆ ಆರಿಸಬೇಡಿ ಅಂದ್ಲು. ಆಮೇಲೆ ಲಾಡ್ಜಿನ ಮೇಲಿಂದ ಯಾರೋ ಕೂಗಿದ್ರು, ಸಮುದ್ರ ಹಿಂದೆ ಹೋಗ್ತಿದೆ ಅಂತ. ಗುಡ್ಡಕ್ಕೆ ಹೋಗೋಕೆ ಹೊತ್ತಿರಲಿಲ್ಲ. ಅಜ್ಜೀನ ಲಾಡ್ಜಿನ ಮೇಲೆ ಬಿಟ್ಟು ಬರ್ತೀನಿ, ನೀನು ಮಗು ಎತ್ಕೊಂಡು ಬಾ ಅಂದೆ. ನಿಮ್ಮ ಬಾಗಿಲು ಒದ್ದು ಮುರಿದೆ, ಅಜ್ಜೀನ ಬೆನ್ನ ಮೇಲೆ ಹಾಕ್ಕೊಂಡೆ. ಮೇಲಿಂದ ನೋಡಿದ್ರೆ ಅವಳು ಇನ್ನೂ ಬೀದೀಲಿ ಬನ್ನೂ, ಬನ್ನೂ ಅಂತ ಓಡಾಡ್ತಿದ್ಲು. ಮಗು ಮನೇಲಿರಲಿಲ್ಲ ಅಕ್ಕ. ಎಲ್ಲಿ ಕೂತಿತ್ತೋ."

"ಹಣೆಬರಹ" ಎಂದೆ. ಮತ್ತೇನು ಹೇಳಲಿ?

"ನೀವು ಜನ ಕರೆಯೋಕೆ ಹೋಗಿದ್ರಿ ಅಲ್ವಾ?"

"ಹೂಂ."

"ನನ್ನನ್ನೇ ಕರೀಬಹುದಿತ್ತಲ್ಲ ಅಕ್ಕ. ಎದುರಿಗೇ ಇದ್ದೆ."

ಒಲೆ ಉರೀತಿತ್ತು, ತೊಂದರೆ ಕೊಡಬಾರದು ಅಂತ, ಎಂದೆ. ನಂಬಿದ. ಒಳ್ಳೆಯವನು.

ಮೆಟ್ಟಿಲ ವಿಷಯ ಯಾರಿಗೂ ಹೇಳಿಲ್ಲ. ಹೇಳಿದರೆ ಹೋದವರು ಬರುತ್ತಾರೆಯೇ?

ಆಗಸ್ಟ್ 2

ಹೊಸ ಕೋಣೆ ಕೊಟ್ಟಿದ್ದಾರೆ, ಗುಡ್ಡದ ಅರ್ಧಕ್ಕೆ. ತಗಡಿನ ಸಾಲುಮನೆ. ಒಂದು ಕೋಣೆ, ಒಂದು ಕಿಟಕಿ, ಒಂದು ಬಾಗಿಲು, ಬಾಗಿಲಿಗೆ ಎರಡು ಮೆಟ್ಟಿಲು. ಹಿಂದೆ ಬಂಡೆ. ಹಳೆಯ ಮಿಷನ್ನಿನ ಬದಲು ಯಾರೋ ಇನ್ನೊಂದು ಕೊಟ್ಟಿದ್ದಾರೆ. ಅದರ ಬೆಲ್ಟು ಸರಿಯಿಲ್ಲ, ಎಷ್ಟು ಹೇಳಿದರೂ ಇವರು ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ.

ಇವರು ಡ್ಯೂಟಿಗೆ ಹೋದ ಮೇಲೆ ಅತ್ತೆ ಪ್ರತಿದಿನ ಹೇಳುವುದು ಒಂದೇ. "ಕಿಟಕಿ ಹತ್ರ ಕೂರಿಸು. ತಲೆ ಬಾಚು. ಶಾಲು ಹೊದಿಸು. ಎಲ್ಲರಿಗೂ ಕಾಣೋ ಹಾಗೆ." ದಿನಾ ಹೊದಿಸುತ್ತೇನೆ. ಇವತ್ತು ತಡೆಯಲಾಗದೆ ಕೇಳಿಯೇ ಬಿಟ್ಟೆ, "ಯಾಕೆ ಅವತ್ತು ಯಾರಿಗೂ ಹೇಳಲಿಲ್ಲ ನೀವು?"

"ಹೇಳಿದ್ರೆ ನಿನ್ನನ್ನ ಬೀದೀಲೇ ಕಲ್ಲು ಹೊಡೆದು ಸಾಯಿಸ್ತಿದ್ರು. ಆಮೇಲೆ ನನ್ನನ್ನ ತೊಳೆಯೋರು ಯಾರು?" ಎಂದರು. "ಹೂಂ, ಬೇಸಿನ್ ತಗೊಂಡು ಬಾ."

ಬೇಕರಿಯಣ್ಣ ನಾಲ್ಕು ಕೋಣೆ ಆಚೆ ಇದ್ದಾನೆ. ಈಗ ಇನ್ನೊಬ್ಬರ ಒಲೆಯಲ್ಲಿ ಕೆಲಸ. ದಿನಾ ಬೆಳಿಗ್ಗೆ ಒಂದು ಬ್ರೆಡ್ಡು ತಂದು ಅತ್ತೆಯ ಕೈಗಿಟ್ಟು, ಅವರ ಕಾಲ ಬಳಿ ಸುಮ್ಮನೆ ಸ್ವಲ್ಪ ಹೊತ್ತು ಕೂರುತ್ತಾನೆ. ಅವನಿಗೆ ಉಳಿದದ್ದು ಅತ್ತೆಯೊಬ್ಬರೇ ಎನ್ನುವ ಹಾಗೆ. ಬ್ರೆಡ್ಡು ಚೆನ್ನಾಗಿರುತ್ತದೆ.

ಆಗಸ್ಟ್ 11, ಮಂಗಳವಾರ

ಸೈರನ್.

ಬಟ್ಟೆ ಮಡಿಸುತ್ತಿದ್ದೆ. ಚೀಲ ಯಾವಾಗ ಹೆಗಲಿಗೇರಿತೋ, ಬಾಗಿಲು ಯಾವಾಗ ತೆಗೆದೆನೋ ಗೊತ್ತಿಲ್ಲ. ಹೊಸ್ತಿಲಲ್ಲಿ ಬೇಕರಿಯಣ್ಣ. ಕುರ್ಚಿಗೆಂದು ಎರಡು ಕೋಲು ಹೊತ್ತು ಓಡಿ ಬಂದಿದ್ದ, ಏದುಸಿರು ಬಿಡುತ್ತಿದ್ದ. ನನ್ನ ಚೀಲ ನೋಡಿದ. ನನ್ನ ಹಿಂದೆ ಕಿಟಕಿಯಲ್ಲಿ ಬಿಳಿ ಶಾಲು ನೋಡಿದ.

"ಎಲ್ಲಿಗೆ ಅಕ್ಕ?"

"ಜನ ಕರೆಯೋಕೆ" ಎಂದೆ.

ಒಳಗಿನಿಂದ ಅತ್ತೆ ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದೇ ಅಪರೂಪ. "ಎದುರಿಗೇ ನಿಂತಿದಾನಲ್ಲೇ ಜನ! ಇನ್ನು ಯಾರನ್ನ ಕರೀತೀಯ? ಈ ಮನೆಗೆ ಹಿತ್ತಲ ಬಾಗಿಲಿಲ್ಲ ಕಣೇ, ಅವತ್ತಿನ ಹಾಗೆ ಓಣಿಗೆ ಇಳಿಯೋಕೆ."

ಅವನು ಕೋಲುಗಳನ್ನು ಮೆಲ್ಲಗೆ ಕೆಳಗಿಟ್ಟ.

"ಹಿತ್ತಲ ಓಣಿಯಿಂದ ಹೋದ್ರಾ ಅಕ್ಕ, ಅವತ್ತು? ಬನ್ನು ಬೆಕ್ಕಿನ ಮರಿ ನೋಡೋಕೆ ಅಲ್ಲಿಗೇ ಹೋಗ್ತಿದ್ಲು. ಸಿಕ್ಕಿದ್ಲಾ ನಿಮಗೆ?"

ಇಲ್ಲ ಎಂದು ಹೇಳಬೇಕು ಎಂದುಕೊಂಡೆ. ಅಷ್ಟು ಸುಲಭದ ಮಾತು. ದಿನಕ್ಕೆ ಹತ್ತು ಸಲ ಹೇಳುವ ಮಾತು. ನಾಲಗೆ ಏಳಲಿಲ್ಲ. ಅವನು ಕಾದ. ಆಮೇಲೆ ನನ್ನನ್ನು ದಾಟಿ ಒಳಗೆ ಹೋಗಿ, ಅತ್ತೆಯನ್ನು ಒಬ್ಬನೇ ಬೆನ್ನ ಮೇಲೆ ಹಾಕಿಕೊಂಡು ಶಾಲೆಗೆ ಹತ್ತಿದ. ಸಾಲುಮನೆಯವರೆಲ್ಲ ಅವನ ಹಿಂದೆ ಹೋದರು. ನಾನು ಕೊನೆಯಲ್ಲಿ ಹೋದೆ.

ಅಲೆ ಬರಲಿಲ್ಲ. ಸುಮ್ಮನೆ ಸೈರನ್. ಈ ಸೈರನ್ ಊದುವವರು ಹೀಗೆಯೇ ಜನರನ್ನು ಹೆದರಿಸಿ ಕೊಲ್ಲುವುದು.

ಆಗಸ್ಟ್ 12

ಬ್ರೆಡ್ಡು ಬರಲಿಲ್ಲ.

ಬೇಕರಿಯಣ್ಣ ಬೆಳಗಿನಿಂದ ನಮ್ಮ ಮೆಟ್ಟಿಲ ಮೇಲೆ ಕೂತಿದ್ದಾನೆ. ಇವರು ಡ್ಯೂಟಿಗೆ ಹೋಗುವಾಗ ಒಳಗೆ ಬಾ ಎಂದರು, ಬರಲಿಲ್ಲ. ಯಾಕೆ ಕೂತಿದೀಯ ಎಂದರೆ "ಅಕ್ಕ ಹೇಳಲಿ, ಏಳ್ತೀನಿ" ಎಂದನಂತೆ. ಕೈಯಲ್ಲಿ ಏನೂ ಇಲ್ಲ. ಯಾರನ್ನೂ ಬೈಯುವುದಿಲ್ಲ. ಸುಮ್ಮನೆ ಕೂತಿದ್ದಾನೆ.

ಅತ್ತೆಯ ಮಾತ್ರೆ ಮುಗಿದಿದೆ. ಮಿಷನ್ನಿಗೆ ಬೆಲ್ಟು ತರಬೇಕು. ಅಂಗಡಿಗೆ ಹೋಗಬೇಕೆಂದರೆ ಅವನನ್ನು ದಾಟಿಯೇ ಹೋಗಬೇಕು.